ಎರಡು ಸಲ ಕರೆದಳು

ಫುಟ್‌ಬಾಲಿನ ಬ್ಲ್ಯಾಡರ್ ಹಿಡಿದುಕೊಂಡು ಹಾರ್ಮೋನಿಯಂ ಅಂಗಡಿಗೆ ಬಂದ ಗಿರಾಕಿಯನ್ನು ಹುಬ್ಬಳ್ಳಿಯ ಕೌಲಪೇಟೆ ಅದುವರೆಗೆ ಕಂಡಿರಲಿಲ್ಲ.

"ಇದು ಪೆಟ್ಟಿಗಿ ರಿಪೇರಿ ಅಂಗಡಿ ಐತೆಪಾ," ಮಕಬೂಲಸಾಬರು ಕನ್ನಡಕವನ್ನು ಹಣೆಗೇರಿಸಿ ಹೇಳಿದರು. "ಚೆಂಡಿನ ಕೆಲಸ ನಮಗ ಬರೂದಿಲ್ಲ."

"ಪೆಟ್ಟಿಗ್ಯಾಗಿನ ಗಾಳಿ ಸೋರಿದ್ರ ನೀವ ನಿಲ್ಲಸ್ತೀರಂತಲ್ರಿ ಚಾಚಾ. ಇದೂ ಗಾಳೀನ ಐತಿ. ಯುದ್ಧ ಸುರು ಆದಾಗಿಂದ ಮುಂಬೈಯಾಗೂ ರಬ್ಬರ್ ಸಿಗವಲ್ದು. ನಮ್ಮ ವರ್ಕ್‌ಶಾಪ್ ಟೀಮಿಗೆ ಇರೂದು ಇದೊಂದ."

ಸಾವಿರದ ಒಂಬೈನೂರ ನಲವತ್ತೆರಡರ ಫೆಬ್ರವರಿ. ಅಂಗಡಿಯ ಹಿಂದೆಯೇ ಮನೆ. ನಡುವಿನ ಬಾಗಿಲಿಗೆ ಒಂದು ನೀಲಿ ಪರದೆ. ಪರದೆಯ ಆಚೆ, ತೊಡೆಯ ಮೇಲೆ ಹಾರ್ಮೋನಿಯಮ್ಮಿನ ತಿದಿಯನ್ನಿಟ್ಟುಕೊಂಡು ಮಕಬೂಲಸಾಬರ ಮಗಳು ಅಖ್ತರಬೇಗಂ ಕುಳಿತಿದ್ದಳು. ಪರದೆಯಲ್ಲಿದ್ದ ಸಣ್ಣ ಹರುಕಿಗೆ ಅವಳು ಕಣ್ಣಿಟ್ಟಳು. ಎತ್ತರದ ಹುಡುಗ. ಉಗುರುಗಳಲ್ಲಿ ಎಣ್ಣೆಯ ಕಪ್ಪು. ಒಂದೇ ಕಾಲ ಮೇಲೆ ನಿಂತು ಇನ್ನೊಂದು ಪಾದದಿಂದ ಮೊಣಕಾಲ ಕೆಳಗೆ ತಿಕ್ಕಿಕೊಳ್ಳುತ್ತಿದ್ದಾನೆ, ಕೊಕ್ಕರೆಯ ಹಾಗೆ. ಅವಳಿಗೆ ನಗು ಬಂತು.

"ಇಟ್ಟು ಹೋಗಾಕ ಹೇಳ್ರಿ ಅಬ್ಬಾ," ಎಂದಳು. "ನೋಡೋಣು."

ಹುಡುಗ ತಟ್ಟನೆ ಎರಡು ಕಾಲ ಮೇಲೆ ನಿಂತ.

ಅವನ ಹೆಸರು ಖಾದರಬಾಷಾ. ಮನೆ ಗೋಪನಕೊಪ್ಪದಲ್ಲಿ, ತಾಯಿ ಹಾಜರಾಬಿ ಒಬ್ಬಳೇ. ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಸಂಜೆಯಾದರೆ ರೇಲ್ವೆ ಮೈದಾನದಲ್ಲಿ ಲೆಫ್ಟ್ ಔಟ್, ಎಡ ಅಂಚಿನ ಆಟಗಾರ.

ವಾರ ಬಿಟ್ಟು ಅವನು ಮತ್ತೆ ಬಂದು ಮಕಬೂಲಸಾಬರ ಮುಂದೆ ಕೈ ಮುಗಿದ. "ಮೂರು ಮ್ಯಾಚ್ ಆಡಿದ್ವಿ, ಗಾಳಿ ಒಂಚೂರೂ ಇಳೀಲಿಲ್ಲ. ಎಂಥಾ ಕೈ ಐತ್ರಿ ಚಾಚಾ ನಿಮ್ಮದು! ಈ ಕೈಗೆ ಮುತ್ತು ಕೊಡಬೇಕ ನೋಡ್ರಿ."

ಪರದೆಯ ಆಚೆ ನಗು ಸಿಡಿಯಿತು. ಮಕಬೂಲಸಾಬರು ಕೆಮ್ಮಿದರು. ಅವರ ಬಲಗೈ ಎಂದಿನಂತೆ ತನ್ನಷ್ಟಕ್ಕೆ ನಡುಗುತ್ತಿತ್ತು. ಒಂದು ಕಾಲಕ್ಕೆ ಧಾರವಾಡದ ಮೆಹಫಿಲುಗಳಲ್ಲಿ ದೊಡ್ಡ ದೊಡ್ಡ ಗಾಯಕರ ಬೆನ್ನಿಗೆ ಸಾರಂಗಿ ನುಡಿಸಿದ ಕೈ. ನಡುಕ ಹತ್ತಿ ಬಿಲ್ಲು ಹಿಡಿಯಲಾಗದೆ ಐದು ವರ್ಷಗಳಾಗಿದ್ದವು. ಈಗ ಅಂಗಡಿಯ ನಾಜೂಕಿನ ಕೆಲಸವೆಲ್ಲ ಅಖ್ತರಳದೇ. ಹೊರಗಿನವರಿಗೆ ಗೊತ್ತಿರಲಿಲ್ಲ.

ಖಾದರ್ ಆ ನಡುಗುವ ಕೈಯನ್ನು ನೋಡಿದ. ಆಮೇಲೆ ಪರದೆಯನ್ನು ನೋಡಿದ. ತಾನು ಮುತ್ತು ಕೊಡುತ್ತೇನೆಂದದ್ದು ಯಾರ ಕೈಗೆ ಎಂಬುದು ಹೊಳೆದು, ಮುಖ ಕೆಂಪಾಗಿ, ಸಲಾಮನ್ನೂ ಹೇಳದೆ ಓಡಿಹೋದ.

ಮೂರನೆಯ ಸಲ ಮುಳ್ಳು ಚುಚ್ಚಿತೆಂದು ಬ್ಲ್ಯಾಡರ್ ಕೊಟ್ಟು ಹೋಗಿದ್ದ. ಅದನ್ನು ಒಯ್ಯಲು ಬಂದಾಗ ಮಕಬೂಲಸಾಬರು ಗೋಡೆಗೊರಗಿ ತೂಕಡಿಸುತ್ತಿದ್ದರು. ಒಳಗಿನ ಅಂಗಳದಲ್ಲಿ ಅವರ ವಿಧವೆ ತಂಗಿ ಗುಲ್ಜಾರಬಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.

"ಈ ತೂತು ಮುಳ್ಳಿಂದಲ್ರಿ," ಪರದೆ ಹೇಳಿತು.

"ಮತ್ತ?"

"ಸೂಜೀದು. ಗುಂಡಗ, ಚೊಕ್ಕ ಐತಿ. ರಬ್ಬರ್ ಸಿಗವಲ್ದು ಅಂತ ಅಳ್ತಿದ್ರಿ. ಇದ್ದ ಒಂದಕ್ಕ ಸೂಜಿ ಚುಚ್ಚವ್ರು ಯಾರ್ರಿ ನಿಮ್ಮ ಟೀಮಿನಾಗ?"

ಖಾದರ್ ತಲೆ ಕೆರೆದುಕೊಂಡ. "ಒಬ್ಬ ಹುಚ್ಚ ಅದಾನ್ರಿ. ಲೆಫ್ಟ್ ಔಟ್ ಆಡ್ತಾನ. ನಮ್ಮ ಗೋಲಿ ಸೋಮಪ್ಪಗ ಮಾತ್ರ ಹೇಳಬ್ಯಾಡ್ರಿ. ಗೊತ್ತಾದ್ರ ಆ ಹುಚ್ಚನ ಚರ್ಮಾ ಸುಲದು ಬ್ಲ್ಯಾಡರ್ ಹೊಲೀತಾನ."

ಪರದೆಯ ಕೆಳಗಿನಿಂದ ಒಂದು ಕೈ ಬಂತು, ತೇಪೆ ಹಾಕಿದ ಬ್ಲ್ಯಾಡರನ್ನು ಮುಂದೆ ತಳ್ಳಿತು. ತೋರುಬೆರಳಿನ ಮೇಲೆ ಕುದಿಯುವ ಅಂಟು ಬಿದ್ದು ಸುಟ್ಟ ಕಲೆ, ಬೆಳದಿಂಗಳ ಚೂರಿನಂತೆ ಬೆಳ್ಳಗೆ. ಖಾದರ್ ಆ ಬೆರಳನ್ನು ನೋಡಿದ. ಅವಳ ದನಿಯನ್ನು ಬಿಟ್ಟರೆ ಅವನಿಗೆ ದಕ್ಕಿದ್ದು ಅದೊಂದೇ.

ಬೇಸಿಗೆ ಹೀಗೆಯೇ ಕಳೆಯಿತು. ವಾರಕ್ಕೊಮ್ಮೆ ಬ್ಲ್ಯಾಡರ್ ಬರುತ್ತಿತ್ತು. ಕೆಲವೊಮ್ಮೆ ಬ್ಲ್ಯಾಡರ್ ಇಲ್ಲದೆ ಅವನೇ ಬರುತ್ತಿದ್ದ. ಮಕಬೂಲಸಾಬರು ಅಂಥ ಹೊತ್ತಿನಲ್ಲಿ ಹೆಚ್ಚು ತೂಕಡಿಸತೊಡಗಿದ್ದರು. ಹುಡುಗ ಅವರಿಗೆ ಹಿಡಿಸಿದ್ದ. ಮಗಳು ಹಾರ್ಮೋನಿಯಂ ಪರೀಕ್ಷಿಸುವ ನೆಪದಲ್ಲಿ ಮೆಲ್ಲಗೆ ಹಾಡುವಾಗ ಉಸಿರು ಬಿಗಿಹಿಡಿದು ಕೇಳುವ ಇನ್ನೊಬ್ಬನನ್ನು ಅವರು ಕಂಡಿರಲಿಲ್ಲ. ಮನೆತನದ ಹೆಣ್ಣು ಹೊರಗೆ ಹಾಡುವಂತಿರಲಿಲ್ಲ. ಆದರೂ ಅವರು ತಮ್ಮ ವಿದ್ಯೆಯೆಲ್ಲವನ್ನೂ ಮಗಳ ಗಂಟಲಿಗೆ ಇಳಿಸಿದ್ದರು. ಇಳಿಸಲು ಬೇರೆ ಜಾಗ ಅವರಿಗೆ ಇರಲಿಲ್ಲ.

"ಹೋದ ವಾರ ಹಾಡಿದ್ರಲ್ಲ, ಏನ್ರಿ ಅದು?" ಖಾದರ್ ಒಂದು ದಿನ ಕೇಳಿದ.

"ಭೀಮಪಲಾಸಿ. ಹಾಡಿದ್ದಲ್ಲ, ಪೆಟ್ಟಿಗಿ ಸುರ ನೋಡಾಕತ್ತಿದ್ದೆ."

"ಅದನ್ನ ಕೇಳಿ ಗೋಪನಕೊಪ್ಪದ ತನಕ ನಡಕೋತ ಹೋದ್ನಿ. ಸೈಕಲ್ ನಿಮ್ಮ ಓಣ್ಯಾಗ ಬಿಟ್ಟೇನಿ ಅನ್ನೂದು ಮನಿ ಬಾಗಲಾಗ ನೆಪ್ಪಾತು."

ಅವಳು ನಗಲಿಲ್ಲ. "ಹಾಡಿದ್ದು ಎಲ್ಲೆ ಹೋಗ್ತೈತಿ ಅಂತ ನನಗ ಅನಸ್ತಿರ್ತೈತಿ. ಈ ಗ್ವಾಡಿಗೆ ಬಡದು ಇಲ್ಲೇ ಸಾಯ್ತೈತೇನೋ."

"ಇಲ್ರಿ. ಗೋಪನಕೊಪ್ಪಕ್ಕ ಬರ್ತೈತಿ."

ಒಳಗೆ ತಿದಿ ಒಮ್ಮೆ ಉಸಿರೆಳೆದುಕೊಂಡು ನಿಂತಿತು.

"ನಿಮ್ಮ ಆಟದಾಗೇನೈತಿ?" ಅವಳು ಮಾತು ತಿರುಗಿಸಿದಳು. "ಇಪ್ಪತ್ತೆರಡು ಮಂದಿ ಒಂದು ಗಾಳಿ ಚೀಲದ ಹಿಂದ ಓಡ್ತೀರಿ."

"ಹಂಗಲ್ರಿ," ಅವನು ಮುಂದೆ ಬಾಗಿದ. ಫುಟ್‌ಬಾಲಿನ ಮಾತು ಬಂದರೆ ಅವನ ಕೈಕಾಲಿಗೆಲ್ಲ ಜೀವ ಬರುತ್ತಿತ್ತು. "ವರ್ಕ್‌ಶಾಪಿನಾಗ ಫೋರ್‌ಮನ್ ಸಾಹೇಬ ಬಂದ್ರ ನಾ ಎದ್ದು ನಿಂದ್ರಬೇಕು. ಗ್ರೌಂಡಿನಾಗ ಅಂವ ಬೂಟ ಹಾಕ್ಕೊಂಡು ಬರ್ತಾನ, ನಾ ಬರಿಗಾಲ್ಲೆ. ಆದ್ರೂ ಅಂವ ಬಿದ್ರ ನಾ ಕೈ ಕೊಟ್ಟು ಎಬ್ಬಸ್ತೀನಿ, ನಾ ಬಿದ್ರ ಅಂವ ಎಬ್ಬಸ್ಬೇಕು. ಒಂದು ತಾಸು ಅಷ್ಟ. ಇಡೀ ದಿನ ಆ ಒಂದು ತಾಸಿನಂಗ ಇರಬೇಕು. ಸ್ವರಾಜ್ಯ ಸ್ವರಾಜ್ಯ ಅಂತಾರಲ್ರಿ, ನನಗ ತಿಳದದ್ದು ಇಷ್ಟ."

"ಹೆಣ್ಣಮಕ್ಕಳಿಗೆ?" ಪರದೆ ಕೇಳಿತು. "ನಮಗ ಆ ಒಂದು ತಾಸೂ ಇಲ್ಲಲ್ಲ."

ಅವನು ಮುಂದಿನ ವಾರ ಬಂದಾಗ, "ನೀವು ಕೇಳಿದ್ದು ಇನ್ನೂ ತಲ್ಯಾಗ ಐತ್ರಿ," ಎಂದಷ್ಟೇ ಹೇಳಿದ. ಸುಳ್ಳು ಸಮಾಧಾನ ಹೇಳಲಿಲ್ಲವೆಂದೇ ಅವನು ಅವಳಿಗೆ ಇನ್ನಷ್ಟು ಹತ್ತಿರವಾದ.

ಜುಲೈ ಕೊನೆಯಲ್ಲಿ ವರ್ಕ್‌ಶಾಪ್ ಟೀಮು ಕಪ್ಪಿನ ಫೈನಲ್ ಮುಟ್ಟಿತು. ನಾಲ್ಕು ವರ್ಷ ಕಾದ ಮೇಲೆ ಮುಟ್ಟಿದ ಫೈನಲ್, ಅದೂ ಸಾಹೇಬರ ಟೀಮಿನ ಎದುರು. ಆಗಸ್ಟ್ ಹದಿನಾರಕ್ಕೆ ಆಟ. "ಕಪ್ ಗೆದ್ದ ಮರುದಿನ ಅಮ್ಮೀನ ಕಳಸ್ತೇನಿ," ಖಾದರ್ ಪರದೆಗೆ ಹೇಳಿದ. "ನಿಮ್ಮನ್ನ ಕೇಳಾಕ."

"ಸೋತ್ರ?"

"ಸೋತ್ರ ಅದ ದಿನಾನ ಕಳಸ್ತೇನಿ. ಸಮಾಧಾನಕ್ಕ ಏನರೆ ಬೇಕಲ್ರಿ."

ಪರದೆಯ ಆಚೆ ಅವಳು ನಕ್ಕಳು. ಆ ನಗು ಹತ್ತು ದಿನವೂ ಉಳಿಯಲಿಲ್ಲ. ಆಗಸ್ಟ್ ಒಂಬತ್ತಕ್ಕೆ ಮುಂಬೈಯಲ್ಲಿ ನಾಯಕರನ್ನೆಲ್ಲ ಹಿಡಿದರೆಂಬ ಸುದ್ದಿ ಬಂತು. ಹುಬ್ಬಳ್ಳಿಯ ಅಂಗಡಿಗಳು ಮುಚ್ಚಿದವು. ಹನ್ನೊಂದರ ಮಧ್ಯಾಹ್ನ ಖಾದರ್ ಬಂದಾಗ ತಲೆಯ ಮೇಲೆ ಬಿಳಿಯ ಖಾದಿ ಟೋಪಿಯಿತ್ತು.

ಮಕಬೂಲಸಾಬರು ಟೋಪಿಯನ್ನು ನೋಡಿ ಬೇಸರದಿಂದ ತಲೆಯಾಡಿಸಿದರು. "ನಮ್ಮ ಮಂದಿಗೆ ಅದರ ಗೊಡವಿ ಯಾಕೋ ಮಗನ? ನಿಮ್ಮವ್ವ ಒಬ್ಬಾಕಿ ಅದಾಳ."

"ಈ ನೆಲದ ಮ್ಯಾಲೆ ಆಡೇನ್ರಿ ಚಾಚಾ," ಎಂದ ಖಾದರ್. "ಇದರ ಗೊಡವಿ ನನಗಿಲ್ಲಂದ್ರ ಯಾರಿಗೆ?"

ಮುದುಕ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕುಳಿತರು.

"ನಾಳೆ ವರ್ಕ್‌ಶಾಪಿನ ಬಿಲ್ಲೆ ತಿರುಗಿ ಕೊಡ್ತೇನಿ," ಅವನು ಪರದೆಗೆ ಹೇಳಿದ. "ಮೆರವಣಿಗ್ಯಾಗ ಹೋಗ್ತೇನಿ."

"ಫೈನಲ್ ಇನ್ನ ಐದು ದಿನಕ್ಕ ಐತಲ್ಲ."

"ವರ್ಕ್‌ಶಾಪ್ ಬಿಟ್ಟಾಂವ ವರ್ಕ್‌ಶಾಪ್ ಟೀಮಿನಾಗ ಹ್ಯಾಂಗ ಆಡ್ಲಿ?" ಅವನ ದನಿ ಒಡೆಯಿತು. ಹರುಕಿನಿಂದ ಅವಳು ನೋಡಿದಳು. ಅವನು ಅಳುತ್ತಿದ್ದ, ಸಣ್ಣ ಮಕ್ಕಳ ಹಾಗೆ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತ. ನೌಕರಿಗಾಗಿ ಅಲ್ಲ, ಜೈಲಿನ ಅಂಜಿಕೆಗೂ ಅಲ್ಲ, ಒಂದು ಆಟಕ್ಕಾಗಿ. "ನೀವು ನಿಲ್ಲು ಅಂದ್ರ ನಿಲ್ತೇನ್ರಿ."

ನಿಲ್ಲು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು.

"ನಾ ಹೇಳಿದ್ರ ನಿಲ್ತೀರಿ," ಅಂದಳು. "ಆಮ್ಯಾಲೆ ಕನ್ನಡಿ ನೋಡಿದಾಗೊಮ್ಮೆ ನನ್ನ ಬೈತೀರಿ. ಹೋಗ್ರಿ."

ಅವನು ಎದ್ದು ಪರದೆಯ ಹತ್ತಿರ ಬಂದ. ಬಟ್ಟೆಯೊಂದೇ ಅಡ್ಡ. "ಎಷ್ಟು ದಿನಾನೋ ಗೊತ್ತಿಲ್ಲ. ಬಂದ ದಿನ ಇಲ್ಲೇ ಬಂದು ನಿಂದ್ರತೇನಿ. ನಿಮಗಿನ್ನೂ ಮನಸ್ಸಿದ್ರ ಒಂದು ಮಾತು ಕರೀರಿ ಸಾಕು. ಕರೀಲಿಲ್ಲಂದ್ರ ನಾ ಏನೂ ಕೇಳೂದಿಲ್ಲ, ಸುಮ್ನ ಹೋಗ್ತೇನಿ."

"ಕರೀತೇನಿ," ಎಂದಳು ಅಖ್ತರ್.

ಮರುದಿನ ಮೆರವಣಿಗೆಯ ಮೇಲೆ ಲಾಠಿ ಬಿತ್ತು. ಖಾದರಬಾಷಾನ ತಲೆಗೆ ಪೆಟ್ಟಾಯಿತು, ಅಲ್ಲಿಂದಲೇ ಅವನನ್ನು ಎತ್ತಿಕೊಂಡು ಹೋದರು ಎಂಬುದನ್ನು ಸೋಮಪ್ಪ ಬಂದು ಹೇಳಿದ. ಹದಿನೈದು ತಿಂಗಳ ಶಿಕ್ಷೆ ಎಂಬುದನ್ನೂ ಅವನೇ ಹೇಳಿದ. ಫೈನಲ್ಲಿನಲ್ಲಿ ಸಾಹೇಬರು ಗೆದ್ದರು ಎಂಬುದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹದಿನೈದು ತಿಂಗಳು ಅಖ್ತರ್ ಮಧ್ಯಾಹ್ನವಾದರೆ ಭೀಮಪಲಾಸಿ ಹಾಡಿದಳು. ಗಂಟಲು ಪಳಗಿತು, ಆಲಾಪ ಅಗಲವಾಯಿತು. ಗೋಪನಕೊಪ್ಪವನ್ನು ದಾಟಿ ಇನ್ನೂ ದೂರ ಹೋಗಬೇಕಿತ್ತಲ್ಲ.

ಅವನು ಬಂದದ್ದು ನಲವತ್ತಮೂರರ ನವೆಂಬರಿನಲ್ಲಿ. ಹರುಕಿನಲ್ಲಿ ಅವಳಿಗೆ ಮೊದಲು ಕಂಡದ್ದು ಅವನ ಕೊರಳು, ಅಷ್ಟು ಸಣ್ಣಗಾಗಿತ್ತು. ಮಕಬೂಲಸಾಬರು ಎದ್ದು ಅಪ್ಪಿಕೊಂಡರು. ಕೂರಿಸಿ ಎದುರಿಗೆ ಕುಳಿತು ಮಾತಾಡಿಸಿದರು. ಅವನು ಅವರ ಮುಖವನ್ನೇ ದಿಟ್ಟಿಸುತ್ತ ಒಂದೊಂದೇ ಮಾತಿನ ಉತ್ತರ ಕೊಟ್ಟ. ದನಿ ಒರಟಾಗಿತ್ತು, ಗಟ್ಟಿಯಾಗಿತ್ತು. ಜೈಲು ಹೀಗೆ ಮಾಡುತ್ತದೇನೋ ಎಂದುಕೊಂಡಳು.

ಕೊನೆಗೆ ಎದ್ದು ಬಂದು, ಮಾತು ಕೊಟ್ಟಿದ್ದ ಜಾಗದಲ್ಲೇ ಪರದೆಯ ಎದುರು ನಿಂತ.

"ಬಂದ್ರೇನ್ರಿ?" ಅಂದಳು ಅಖ್ತರ್.

ಅವನು ನಿಂತೇ ಇದ್ದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಅವಳು ದನಿ ಏರಿಸಿದಳು. "ಖಾದರಸಾಬ್ರ, ನಾ ಕರಿಯಾಕತ್ತೇನಿ."

ಮಕಬೂಲಸಾಬರಿಗೆ ಕೇಳಿಸಿತು, ಅವರು ಮುಖ ಆಚೆ ತಿರುಗಿಸಿದರು. ಅಂಗಳದ ಗುಲ್ಜಾರಬಿಗೂ ಕೇಳಿಸಿತು. ಖಾದರ್ ಮಾತ್ರ ಇನ್ನೂ ಒಂದು ಗಳಿಗೆ ಆ ನೀಲಿ ಬಟ್ಟೆಯನ್ನು ನೋಡಿದ. ಟೋಪಿ ಸರಿಪಡಿಸಿಕೊಂಡ. "ಬರ್ತೇನ್ರಿ ಚಾಚಾ," ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಅವತ್ತಿನಿಂದ ಅವಳು ಹಾಡುವುದನ್ನು ಬಿಟ್ಟಳು. ಹಾರ್ಮೋನಿಯಮ್ಮಿನ ಸುರಗಳನ್ನು ಬರಿಯ ಬೆರಳಿನಿಂದ ಒತ್ತಿ ನೋಡಿ ಮುಚ್ಚಿಡುತ್ತಿದ್ದಳು. ಸೋಮಪ್ಪ ಒಮ್ಮೆ ಬಂದಾಗ, "ಅಂವ ಮೊದಲಿನಂಗಿಲ್ರಿ. ಕರದ್ರ ತಿರುಗಿ ಸೈತ ನೋಡೂದಿಲ್ಲ. ಜೈಲಿಗೆ ಹೋಗಿ ಬಂದಾಂವ ಅಂತ ಸೊಕ್ಕು ಬಂದೈತಿ ಅಂತಾರ ಮಂದಿ," ಎಂದು ನೊಂದುಕೊಂಡು ಹೇಳಿ ಹೋದ.

ಮೀರಜದಿಂದ ಸಂಬಂಧ ಬಂತು. ತಲೆಮಾರುಗಳಿಂದ ತಂಬೂರಿ ಮಾಡುವ ಮನೆತನ. ಒಂದೇ ಕರಾರು: ಸೊಸೆ ಮನೆಯಲ್ಲಿ ಹಾಡಬಾರದು. ಹೊತ್ತೆಲ್ಲ ಹಾಡುವವರು ಬಂದುಹೋಗುವ ಮನೆ; ಹೆಣ್ಣಿನ ದನಿ ಅವರ ಕಿವಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ.

"ಹೂಂ ಅನ್ಲೇನವಾ?" ಮಕಬೂಲಸಾಬರು ಕೇಳಿದರು.

"ಅನ್ರಿ ಅಬ್ಬಾ. ನಾ ಹೆಂಗೂ ಹಾಡೂದು ಬಿಟ್ಟೇನಲ್ಲ."

ಜನವರಿಯ ಒಂದು ಸಂಜೆ ಗುಲ್ಜಾರಬಿ ಅವಳನ್ನು ಮದುವೆಯ ಬಳೆ ತೊಡಿಸಲು ಕರೆದೊಯ್ದಿದ್ದಳು. ಟಾಂಗಾದಲ್ಲಿ ಮರಳುವಾಗ ರೇಲ್ವೆ ಮೈದಾನದ ಹತ್ತಿರ ದಾರಿ ಕಟ್ಟಿತು. ರಸ್ತೆಯ ತನಕ ಜನ. ಬಂಗಾಳದ ಬರಕ್ಕೆ ನೆರವಾಗಲೆಂದು ವರ್ಕ್‌ಶಾಪ್ ಟೀಮಿಗೂ ಬಜಾರಿನ ಹುಡುಗರಿಗೂ ಆಟ ಇಟ್ಟಿದ್ದರು. ಕುದುರೆ ನಿಂತಿತು.

ಅಖ್ತರ್ ಟಾಂಗಾದ ಪರದೆ ಸರಿಸಿದಳು. ಇಪ್ಪತ್ತೆರಡು ಜನರಲ್ಲಿ ಅವನನ್ನು ಹುಡುಕಬೇಕಾಗಲಿಲ್ಲ. ಬಜಾರಿನ ಟೀಮಿನ ಎಡ ಅಂಚಿನಲ್ಲಿದ್ದ. ಅವನು ಆಡುವುದನ್ನು ಅವಳು ಕಂಡದ್ದು ಅದೇ ಮೊದಲು. ಚೆಂಡು ಕಾಲಿಗೆ ಸಿಕ್ಕೊಡನೆ ಆ ಒಣಗಿದ ಮೈ ಹಗುರಾಯಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ತಾನು ಆಲಾಪದಲ್ಲಿ ಒಂದು ಸುರದಿಂದ ಇನ್ನೊಂದಕ್ಕೆ ಜಾರುವಾಗ ಆಗುವುದು ಇದೇ ಅಲ್ಲವೇ ಎಂದು ಅವಳಿಗೆ ಅನಿಸಿತು. ಸಿಟ್ಟಿನ ನಡುವೆಯೂ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ರೆಫ್ರಿ ಸೀಟಿ ಊದಿದ. ಹಿಂದೆ ಯಾರದೋ ಫೌಲ್. ಎಲ್ಲರೂ ನಿಂತರು.

ಖಾದರ್ ನಿಲ್ಲಲಿಲ್ಲ.

ಸೀಟಿ ಮತ್ತೊಮ್ಮೆ, ಉದ್ದಕ್ಕೆ ಕೂಗಿತು. ಅವನು ಒಬ್ಬನೇ ಚೆಂಡು ತೆಗೆದುಕೊಂಡು ಓಡುತ್ತಿದ್ದ. ಗೋಲಿನಲ್ಲಿದ್ದ ಸೋಮಪ್ಪ ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದ. ಖಾದರ್ ಎಡಗಾಲಿನಿಂದ ಹೊಡೆದ. ಚೆಂಡು ಒಳಗೆ ಹೋಯಿತು. ಅವನು ಎರಡೂ ಕೈ ಮೇಲೆತ್ತಿ ನಗುತ್ತ ತಿರುಗಿದ. ಜೈಲಿನಿಂದ ಬಂದ ಮೇಲೆ ಅವನ ಮುಖದಲ್ಲಿ ಅಂಥ ನಗು ಯಾರೂ ಕಂಡಿರಲಿಲ್ಲ.

ಮೈದಾನದ ತುಂಬ ಜನ ನಗತೊಡಗಿದರು. ಯಾರೋ ಕೇಕೆ ಹಾಕಿದರು. ಮೊದಲು ಅವನು ಅದನ್ನು ಸಂತೋಷವೆಂದೇ ತಿಳಿದ. ಆಮೇಲೆ ತನ್ನ ಟೀಮಿನವರು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ಕಂಡಿತು, ರೆಫ್ರಿಯ ಬಾಯಲ್ಲಿ ಸೀಟಿ ಕಂಡಿತು. ಮೇಲೆತ್ತಿದ ಕೈಗಳು ಮೆಲ್ಲಗೆ ಕೆಳಗಿಳಿದವು.

ಸೋಮಪ್ಪ ಅವನ ಬೆನ್ನ ಹಿಂದಿನಿಂದ, "ಖಾದರ್!" ಎಂದು ಕೂಗಿದ. ಮತ್ತೆ ಕೂಗಿದ. ಮೂರು ಮಾರು ದೂರದಲ್ಲಿದ್ದವನು ತಿರುಗಲಿಲ್ಲ. ಸೋಮಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಟಾಂಗಾದಲ್ಲಿ ಅಖ್ತರಳಿಗೆ ನವೆಂಬರಿನ ಆ ದಿನ ನೆನಪಾಯಿತು. ಪರದೆಯ ಎದುರು ಕದಲದೆ ನಿಂತಿದ್ದ ಆ ಮುಖ. ತಂದೆಯ ಬಾಯನ್ನೇ ದಿಟ್ಟಿಸುತ್ತಿದ್ದ ಆ ಕಣ್ಣು.

"ಕೇಳಿಸಿಲ್ಲ," ಅಂದಳು. "ಫೂಫೀ, ಅವರಿಗೆ ಕೇಳಿಸೇ ಇಲ್ಲ."

ಗುಲ್ಜಾರಬಿ ಕೈ ಹಿಡಿಯುವಷ್ಟರಲ್ಲಿ ಅವಳು ಇಳಿದಾಗಿತ್ತು. ಬುರ್ಖಾದ ಹೆಂಗಸೊಬ್ಬಳು ನುಗ್ಗಿ ಬರುವುದನ್ನು ಕಂಡು ಗಂಡಸರು ಬೆದರಿ ದಾರಿ ಬಿಟ್ಟರು. ಅಂಚಿನ ಸುಣ್ಣದ ಗೆರೆ ದಾಟಿ, ಹುಲ್ಲಿನ ಮೇಲೆ ಕುಸಿದು ಕುಳಿತಿದ್ದವನ ಎದುರು ನಿಂತು ಅವಳು ಮುಖದ ಮೇಲಿನ ಮುಸುಕೆತ್ತಿದಳು.

ಖಾದರ್ ತಲೆಯೆತ್ತಿ ನೋಡಿದ. ಅವನ ಕಣ್ಣಲ್ಲಿ ಗುರುತಿರಲಿಲ್ಲ.

"ಯಾರ್ರಿ ನೀವು?" ಎಂದ, ಮೈದಾನಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಅವನಿಗೆ ಗೊತ್ತಿದ್ದದ್ದು ಅವಳ ದನಿ. ಅದು ಈಗ ಅವನನ್ನು ಮುಟ್ಟುವುದಿಲ್ಲ. ಮುಖವನ್ನು ಅವನು ಎಂದೂ ಕಂಡಿಲ್ಲ. ಅವಳು ಬಲಗೈಯನ್ನು ಅವನ ಕಣ್ಣ ಮುಂದೆ ಹಿಡಿದಳು. ತೋರುಬೆರಳ ಮೇಲೆ ಬಿಳಿಯ ಸುಟ್ಟ ಕಲೆ.

ಅವನು ಬೆರಳನ್ನು ನೋಡಿದ. ಮುಖವನ್ನು ನೋಡಿದ. ಮತ್ತೆ ಬೆರಳನ್ನು ನೋಡಿದ. "ನೀವು ಹಿಂಗ ಇರ್ತೀರಿ ಅಂತ ಗೊತ್ತಿದ್ದಿಲ್ಲ," ಎಂದ.

"ಯಾಕ ಹೇಳಲಿಲ್ರಿ?" ಅವಳು ಒಂದೊಂದೇ ಅಕ್ಷರವನ್ನು ಬಿಡಿಸಿ ಕೇಳಿದಳು.

"ಏನಂತ ಹೇಳ್ಲಿ? ಒಂದು ಕಿವಿ ಲಾಠಿಗೆ ಹೋತು. ಇನ್ನೊಂದು ಜ್ವರ ಬಂದು ಹೋತು. ಮೊದಲು ಹಕ್ಕಿ ಹೋದ್ವು. ಆಮ್ಯಾಲೆ ಮಂದಿ ಮಾತು ಹೋತು. ಕಡೀಕ ನಿಮ್ಮ ಭೀಮಪಲಾಸಿ ಒಂದ ತಲಿಯೊಳಗ ಉಳದಿತ್ತು. ದಿನಾ ಅದನ್ನ ನೆನಸ್ತಿದ್ದೆ. ಈಗ ಅದೂ ಸರಿಯಾಗಿ ನೆಪ್ಪಾಗವಲ್ದು." ಅವಳ ತುಟಿಗೆ ಕಣ್ಣಿಟ್ಟು ಕೇಳಿದ: "ಅವತ್ತು ನೀವು ಕರದ್ರೇನು?"

ಅವಳು ಎರಡು ಬೆರಳೆತ್ತಿದಳು.

ಅವನು ಕಣ್ಣು ಮುಚ್ಚಿದ. ಮುಚ್ಚಿದರೆ ಅವಳೂ ಇಲ್ಲ, ಮಾತೂ ಇಲ್ಲ. ಮತ್ತೆ ತೆರೆದಾಗ ಕಣ್ಣು ತುಂಬಿತ್ತು. "ಕರದ್ರೋ ಇಲ್ಲೋ ತಿಳೀಲಿಲ್ಲ. ತಿಳೀದಿದ್ದದ್ದ ಛಲೋ ಆತು ಅಂದ್ಕೊಂಡು ಹೋದ್ನಿ. ಮೀರಜಕ್ಕ ಹೋಗ್ರಿ. ಮನಿತುಂಬ ತಂಬೂರಿ ಅದಾವಂತ. ಕಿವುಡನ ಮುಂದ ಹಾಡಿ ಏನು ಮಾಡ್ತೀರಿ?"

"ಅವರಿಗೆ ಕಿವಿ ಅದಾವ, ನನ್ನ ಹಾಡು ಬ್ಯಾಡ. ನಿಮಗ ಕಿವಿ ಇಲ್ಲ, ನನ್ನ ಹಾಡಿಗೆ ಅಳಾಕತ್ತೀರಿ." ಅವನಿಗೆ ತಿಳಿಯಲೆಂದು ಅವಳು ನಿಧಾನವಾಗಿ ಹೇಳಿದಳು. "ನಾ ಎಲ್ಲಿಗೆ ಹೋಗಬೇಕು, ನೀವ ಹೇಳ್ರಿ."

ಮೈದಾನದಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ವಾರದೊಳಗೆ ಮೀರಜವನ್ನೂ ಮುಟ್ಟಿತು. ಗಂಡಸರ ನಡುವೆ ಮುಸುಕು ತೆಗೆದ ಹುಡುಗಿ ತಮಗೆ ಬೇಡವೆಂದು ಅವರು ಬರೆದರು. ಓಣಿಯವರು ಪೆಟ್ಟಿಗೆಗಳನ್ನು ಬೇರೆ ಕಡೆ ಕೊಡತೊಡಗಿದರು. ಗುಲ್ಜಾರಬಿ ಎದೆ ಬಡಿದುಕೊಂಡು ಅತ್ತಳು. ಮಕಬೂಲಸಾಬರು ಒಂಬತ್ತು ದಿನ ಮಗಳೊಂದಿಗೆ ಮಾತಾಡಲಿಲ್ಲ. ಹತ್ತನೆಯ ದಿನ ಹೇಳಿದರು: "ನನ್ನ ಕೈ ಹೋದಾಗ ನಾ ಅಳಲಿಲ್ಲ. ನಿನ್ನ ಗಂಟಲಾಗ ಐತಿ ಅಂತ ಧೈರ್ಯ ಇತ್ತು. ಅದನ್ನ ಒಯ್ದು ಕಿವುಡನ ಮನ್ಯಾಗ ಹೂಳ್ತೇನಿ ಅಂತೀಯಲ್ಲ."

ಅಖ್ತರಳಿಗೆ ಗೊತ್ತಿತ್ತು: ತಂದೆಯ ಮಾತು ನಿಜವಾಗಿತ್ತು. ಅವರ ನಡುಗುವ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಮುದುಕ ಮತ್ತೆ ಹೇಳಿದರು: "ಅಂವನಷ್ಟು ಛಂದ ಕೇಳಾಂವ ಈ ಊರಾಗ ಇನ್ನೊಬ್ಬ ಇದ್ದಿದ್ದಿಲ್ಲ. ಖರೇ." ಅಂದು ಸಂಜೆ ಅವರೇ ಟೋಪಿ ಹಾಕಿಕೊಂಡು ಗೋಪನಕೊಪ್ಪಕ್ಕೆ ನಡೆದುಹೋದರು.

ಮಾರ್ಚಿನಲ್ಲಿ ನಿಕಾಹ್. ಬಂದವರು ಇಪ್ಪತ್ತು ಜನರೂ ಇರಲಿಲ್ಲ. ಖಾದರನಿಗೆ ಗಣೇಶಪೇಟೆಯ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮೈದಾನಕ್ಕೆ ಅವನು ಮತ್ತೆ ಕಾಲಿಟ್ಟಿರಲಿಲ್ಲ. ಸೋಮಪ್ಪ ಹೊಸ ಧೋತರ ಉಟ್ಟು ಬಂದು ಅಂಗಡಿಯ ಮೂಲೆಯಲ್ಲಿ ಕುಳಿತಿದ್ದ.

ಒಳಗೆ ಅಖ್ತರಳ ಒಪ್ಪಿಗೆ ಕೇಳಿದ್ದಾಯಿತು. ಹೊರಗೆ ಕಾಜಿಯವರು ಖಾದರನನ್ನು ಕೇಳಿದರು. ಉತ್ತರ ಬರಲಿಲ್ಲ. ಕಾಜಿಯವರ ದಟ್ಟ ಗಡ್ಡಮೀಸೆಯೊಳಗೆ ತುಟಿ ಎಲ್ಲಿದೆಯೆಂದು ಅವನು ಹುಡುಕುತ್ತಿದ್ದ. ಮತ್ತೆ ಕೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಮದುವಣಗಿತ್ತಿ ಎದ್ದು ಬಾಗಿಲಿಗೆ ಬಂದಳು. ಈ ಸಲ ಗುಲ್ಜಾರಬಿ ತಡೆಯಲಿಲ್ಲ. ಕಾಜಿಯವರ ಪಕ್ಕದಲ್ಲಿ ನಿಂತು, ಅವನು ತನ್ನ ಕಡೆ ನೋಡುವ ತನಕ ಕಾದು, ಅವರ ಮಾತನ್ನೇ ಅವಳು ಅವನಿಗೆ ದಾಟಿಸಿದಳು.

"ಕುಬೂಲ್!" ಎಂದ ಖಾದರಬಾಷಾ.

ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಓಣಿಯ ಆಚೆ ತುದಿಯಲ್ಲಿ ಯಾರೋ ನಕ್ಕರು. ಮಕಬೂಲಸಾಬರು ತಲೆ ತಗ್ಗಿಸಿದರು.

ಒಳಗೆ ಹೆಂಗಸರು ಮದುವೆಯ ಹಾಡು ಎತ್ತಬೇಕಿತ್ತು. ಯಾರಿಗೂ ಬಾಯಿ ಬರಲಿಲ್ಲ. ಮದುಮಗನ ಎದುರು ಹಾಡುವುದು ಅವನನ್ನು ಅಣಕಿಸಿದಂತೆ ಆದೀತೆಂದು ಸುಮ್ಮನೆ ಕುಳಿತರು.

"ಹಾಡ್ರಿ," ಅಂದಳು ಹಾಜರಾಬಿ. "ಅಂವಗ ಕೇಳದಿದ್ರ ಏನಾತು? ನಾ ಅವನ ತಾಯಿ. ನನಗ ಕೇಳ್ತೈತಿ."

ಹಾಡು ಎದ್ದಿತು. ಬಾಗಿಲಲ್ಲೇ ನಿಂತಿದ್ದ ಅಖ್ತರ್ ತಲೆ ಬಗ್ಗಿಸಿದಳು. ಕಣ್ಣೀರು ತಡೆಯಲಾಗಲಿಲ್ಲ. ಅವಳ ಹೆಗಲು ಅದುರುವುದನ್ನು ಖಾದರ್ ನೋಡಿದ. ಜಾಗದಿಂದ ಎದ್ದು ಬಂದು, ಬಾಗಿ, ಅವಳಿಗೊಬ್ಬಳಿಗೇ ಎಂದು ತಿಳಿದು ಕೇಳಿದ: "ಯಾಕ ಅಳ್ತೀರಿ? ನನ್ನ ಮದುವಿ ಆಗಿದ್ದಕ್ಕೇನ್ರಿ?"

ಅದು ಪಿಸುಮಾತೆಂದು ಅವನು ತಿಳಿದಿದ್ದ. ಹಾಡಿನ ಮೇಲೂ ಅದು ಮನೆಗೆಲ್ಲ ಕೇಳಿಸಿತು. ಹಾಡು ನಿಂತಿತು. ಎಲ್ಲರೂ ಮದುವಣಗಿತ್ತಿಯ ಕಡೆ ತಿರುಗಿದರು, ಅವಳು ಏನು ಹೇಳುತ್ತಾಳೆಂದು.

ಅಖ್ತರ್ ಮುಖವೆತ್ತಿದಳು. ದನಿ ಹೊರಡಿಸದೆ ಬರಿಯ ತುಟಿಗಳಿಂದ, ನಿಧಾನವಾಗಿ ಉತ್ತರ ಹೇಳಿದಳು. ಅಷ್ಟು ಜನರಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ.

ಖಾದರನಿಗೆ ಕೇಳಿಸಿತು.